ಒಂದು ದಿನ ಹಾಡಿದ ಮೇಲೆ

"ಸಹಿ ಹಾಕ್ತೀಯೋ ಇಲ್ವೋ? ಅಷ್ಟು ಹೇಳು, ಸಾಕು!" ಅಣ್ಣ ಮೇಜು ಗುದ್ದಿದ. ಬಟ್ಟಲಲ್ಲಿದ್ದ ಸ್ಕ್ರೂಗಳೆಲ್ಲ ಎಗರಿ ನೆಲಕ್ಕೆ ಬಿದ್ದವು.

"ಹಾಕಲ್ಲ." ತಮ್ಮ ಬಿಚ್ಚಿಟ್ಟ ರೇಡಿಯೋದಿಂದ ಕಣ್ಣೆತ್ತಲಿಲ್ಲ. "ಷೇರು ಎರಡು ವರ್ಷದಲ್ಲಿ ಹತ್ತು ಪಟ್ಟು ಏರಿದೆ. ಇನ್ನೊಂದು ಹತ್ತು ವರ್ಷ ಮುಟ್ಟದೆ ಬಿಟ್ರೆ ಈ ಅಂಗಡಿ ಕೋಣೆ ಏನು, ಇಡೀ ಬೀದಿನೇ ಕೊಳ್ಳಬಹುದು. ಹಾಡ್ತಿರೋ ರೇಡಿಯೋನ ಬಿಚ್ಚಬೇಡ ಅಂತ ಅಪ್ಪ ಹೇಳ್ತಿರಲಿಲ್ವಾ?"

"ಅಪ್ಪನ ಇನ್ನೊಂದು ಮಾತು ನುಂಗಿ ನೀರು ಕುಡಿದುಬಿಟ್ಟೆಯಲ್ಲ!"

ಇನ್ನೊಂದು ಮಾತು ಬೀದಿಗೆಲ್ಲ ಗೊತ್ತಿತ್ತು. ರಿಪೇರಿಯಾದ ರೇಡಿಯೋ ಅಂಗಡಿಯ ಕಿಟಕಿಯಲ್ಲಿ ಕೂತು ಒಂದು ದಿನ ಪೂರ್ತಿ ಹಾಡಬೇಕು, ಆಮೇಲೆಯೇ ಮನೆಗೆ ಹೋಗಬೇಕು. ಯಾರು ಎಷ್ಟು ಅವಸರ ಮಾಡಿದರೂ ಅಪ್ಪ ಜಗ್ಗುತ್ತಿರಲಿಲ್ಲ. ಆಗೆಲ್ಲ ಕಿಟಕಿಯಲ್ಲಿ ಐದಾರು ರೇಡಿಯೋಗಳು ಒಟ್ಟಿಗೆ ಹಾಡುತ್ತಿದ್ದವು. ಆಟದ ದಿನ ಸ್ಕೋರು ಕೇಳಲು ಜನ ರಸ್ತೆಯವರೆಗೆ ನಿಲ್ಲುತ್ತಿದ್ದರು. ಅಣ್ಣತಮ್ಮಂದಿರು ಮೇಜಿನ ಕೆಳಗೆ ಕೂತು ತಾಮ್ರದ ತಂತಿ ಸುತ್ತುತ್ತ, ಆ ಕಲಸುಮೇಲೋಗರದಲ್ಲೇ ಯಾವ ರೇಡಿಯೋಗೆ ಶೀತವಾಗಿದೆ ಎಂದು ಪತ್ತೆಹಚ್ಚುತ್ತಿದ್ದರು. ತಮ್ಮನ ಕಿವಿಯೇ ಚುರುಕು.

ಷೇರು ಬಂದದ್ದೂ ಆ ದಿನಗಳಲ್ಲೇ. ಹಿಂದಿನ ಓಣಿಯ ತಗಡಿನ ಶೆಡ್ಡಿನಲ್ಲಿ ಇಬ್ಬರು ಗೆಳೆಯರು ಏನೋ ಯಂತ್ರ ಮಾಡಲು ಹೊರಟಿದ್ದರು. ಕೈಯಲ್ಲಿ ಕಾಸಿರಲಿಲ್ಲ. ಒಂದು ವರ್ಷ ಈ ಅಂಗಡಿಯ ಮೂಲೆಯಲ್ಲೇ ಕೂತು, ಅಪ್ಪನ ಸಲಕರಣೆಗಳಲ್ಲೇ ಬೆಸುಗೆ ಹಾಕಿದರು. ಹೋಗುವಾಗ ಅಪ್ಪ ಬಾಡಿಗೆ ಬೇಡವೆಂದಾಗ, ಮಕ್ಕಳಿಬ್ಬರ ಹೆಸರಲ್ಲಿ ಹೊಸ ಕಂಪನಿಯ ಒಂದಿಷ್ಟು ಷೇರು ಬರೆದುಕೊಟ್ಟರು. ಇಪ್ಪತ್ತೈದು ವರ್ಷ ಆ ಕಾಗದ ಕಪಾಟಿನ ತಳದಲ್ಲಿ ಬಿದ್ದಿತ್ತು. ಈಗ ಯೋಚಿಸುವ ಯಂತ್ರಗಳಿಗೆಲ್ಲ ಅವರದೇ ಚಿಪ್. ಇತ್ತ ಅಂಗಡಿಯ ಬಾಡಿಗೆ ಕೋಣೆಯನ್ನು ಮಾಲೀಕ ಮಾರಲು ನಿಂತಿದ್ದ. ಶುಕ್ರವಾರದೊಳಗೆ ನೀವು ಕೊಳ್ಳದಿದ್ದರೆ ಮೊಬೈಲ್ ಅಂಗಡಿಯವರು ಕೊಳ್ಳುತ್ತಾರೆ ಎಂದಿದ್ದ. ಷೇರನ್ನೆಲ್ಲ ಮಾರಿದರೆ ಮಾತ್ರ ಕೋಣೆ ಕೈಗೆ ಬರುತ್ತಿತ್ತು. ಅದಕ್ಕೆ ಇಬ್ಬರ ಸಹಿಯೂ ಬೇಕಿತ್ತು.

"ಅವರಿಬ್ಬರನ್ನೂ ನಾನು ಕಣ್ಣಾರೆ ಕಂಡವನು ಕಣೋ," ಎಂದ ಅಣ್ಣ. "ಬೆಸುಗೆ ಆರೋ ಮುಂಚೆ ಡಬ್ಬಿ ಮುಚ್ತಿದ್ರು. ಒಂದು ದಿನ ಹಾಡಿಸೋ ತಾಳ್ಮೆ ಇಲ್ಲದವರದ್ದು ಎಷ್ಟು ದಿನ ನಿಲ್ಲತ್ತೆ?"

"ಅದಕ್ಕೇ ಅವರು ಅಲ್ಲಿದಾರೆ, ನಾವು ಇಲ್ಲೇ ಇದೀವಿ. ತಿಂಗಳಿಗೆ ನಾಲ್ಕು ರೇಡಿಯೋನೂ ಬರಲ್ಲ, ಕೋಣೆ ಕೊಂಡು ಏನು, ಇಲಿ ಸಾಕ್ತೀಯಾ?"

ಅಣ್ಣನಿಗೆ ಪಿತ್ತ ನೆತ್ತಿಗೇರಿತು. ಕೋಪ ಬಂದರೆ ಅವನ ನಾಲಿಗೆಗೆ ಲಗಾಮಿರಲಿಲ್ಲ. "ನೀನು ಹತ್ತು ವರ್ಷದ ಮಾತಾಡ್ತೀಯಾ? ನೀನು ಮಾಡಿದ ರಿಪೇರಿ ಯಾವುದು ನಿಂತಿದೆಯೋ? ಅರ್ಧಕ್ಕರ್ಧ ನಾನು ಮತ್ತೆ ಬಿಚ್ಚಿ ಸರಿಮಾಡಿದೀನಿ, ನೀನು ಊಟಕ್ಕೆ ಹೋದಾಗ!"

ಪೂರಾ ನಿಜವಲ್ಲ ಅದು. ಇಷ್ಟು ವರ್ಷದಲ್ಲಿ ಮೂರೋ ನಾಲ್ಕೋ ಇರಬೇಕು. ಆದರೆ ಆಡಿದ ಮಾತು ಆಡಿಯಾಗಿತ್ತು.

ತಮ್ಮ ಮೊದಲ ಬಾರಿಗೆ ತಲೆಯೆತ್ತಿದ. "ಊಟಕ್ಕೆ ಹೋದಾಗಾ?" ಎಂದಷ್ಟೇ ಕೇಳಿದ. ಮತ್ತೆ ಬಗ್ಗಿ ಕೊನೆಯ ತಂತಿಗೆ ಬೆಸುಗೆ ಹಾಕಿದ. ಆರುವವರೆಗೆ ಕಾದ. ನೆಲದ ಮೇಲೆ ಕೈಯಾಡಿಸಿ ಸ್ಕ್ರೂ ಹುಡುಕಿ ಹಿಂಬದಿ ಮುಚ್ಚಿದ. ರೇಡಿಯೋವನ್ನು ಕಿಟಕಿಯಲ್ಲಿಟ್ಟು ಹಚ್ಚಿದ. ಅದು ಒಮ್ಮೆ ಕೆಮ್ಮಿ ಹಾಡಲು ಶುರುಮಾಡಿತು. ಆಮೇಲೆ ಕಾಗದವೆಳೆದುಕೊಂಡು ಎರಡು ಕಡೆ ಸಹಿ ಹಾಕಿದ. ಚಪ್ಪಲಿ ಮೆಟ್ಟಿ ಬೀದಿಗಿಳಿದ.

"ಹೋಗ್ಹೋಗು, ಹೊಟ್ಟೆ ಹಸಿದ್ರೆ ಬರ್ತೀಯ!" ಎಂದು ಅಣ್ಣ ಹಿಂದಿನಿಂದ ಕೂಗಿದ.

ಬರಲಿಲ್ಲ. ಶುಕ್ರವಾರ ಕೋಣೆಯ ಮಾತುಕತೆ ಮುಗಿಯಿತು. ಷೇರು ಮಾರಿದ ಮೇಲೂ ಏರಿತು, ಒಂದಿಷ್ಟು ಇಳಿಯಿತು, ಮತ್ತೆ ಏರಿತು. ಅಣ್ಣ ಅದನ್ನು ನೋಡುವುದನ್ನೇ ಬಿಟ್ಟ. ತಮ್ಮನ ಮನೆಗೆ ಎರಡು ಸಲ ಹೋದ. "ಸ್ನಾನಕ್ಕೆ ಹೋಗಿದಾರೆ ಭಾವ," ಎಂದಳು ತಮ್ಮನ ಹೆಂಡತಿ, ಎರಡು ಸಲವೂ. ಬಚ್ಚಲಲ್ಲಿ ನೀರಿನ ಸದ್ದೇ ಇರಲಿಲ್ಲ.

ಹತ್ತನೇ ದಿನ ಕಿಟಕಿಯಲ್ಲಿದ್ದ ರೇಡಿಯೋದ ಒಡತಿ ನರ್ಸಮ್ಮ ಮೂರನೇ ಸಲ ಬಂದಳು.

"ಏನಣ್ಣಾ, ಇನ್ನೂ ಆಗಿಲ್ವಾ? ಎಷ್ಟು ಚೆನ್ನಾಗಿ ಹಾಡ್ತಿದೆ!"

"ಆಗಿದೆ."

"ಮತ್ತೆ ಕೊಡಿ. ನಿಮ್ಮ ತಮ್ಮ ಒಂದೇ ದಿನ ಅಂದಿದ್ರು."

ಅಣ್ಣ ಸ್ಕ್ರೂಡ್ರೈವರನ್ನು ಡ್ರಾಯರಿಗೆ ಹಾಕಿ ಮುಚ್ಚಿದ. ಎದುರಿಗಿದ್ದ ತಮ್ಮನ ಖಾಲಿ ಸ್ಟೂಲನ್ನು ಒರೆಸಿ ಅವಳ ಕಡೆ ತಳ್ಳಲು ಹೋದವನು, ಅದನ್ನು ಅದರ ಜಾಗದಲ್ಲೇ ಬಿಟ್ಟು, ತಾನು ಕೂತಿದ್ದ ಸ್ಟೂಲನ್ನು ಕೊಟ್ಟ.

"ಕೂತ್ಕೊಳ್ಳಿ ಅಮ್ಮಾ," ಎಂದ. "ಇನ್ನೊಂದು ದಿನ ಹಾಡ್ಲಿ."