ನೀರು ಹಾಕಬ್ಯಾಡ್ರಿ

"ನಮ್ಮನಿಯವ್ರೂ ಸುಧಾರಿಸ್ಯಾರ ನೋಡ್ರಿ ಅಕ್ಕಾ," ಎನ್ನುತ್ತ ಮೀನಾ ತುಂಬಿದ ಕೊಡವನ್ನು ನಳದ ಬುಡದಿಂದ ಸರಿಸಿ ಇನ್ನೊಂದನ್ನು ಇಟ್ಟಳು. "ಚರಗಿ ಹಿಡ್ಕೊಂಡು ಹಳ್ಳದ ಕಡಿ ಹೋಗೋದು ಬಂದ್. ಈಗ ಮನಿ ಸಂಡಾಸಕ್ಕೇ ಹೋಗ್ತಾರ. ನೀವು ಊರಿಗೆಲ್ಲ ಹೇಳಿ ಹೇಳಿ ಸಾಕಾಗಿದ್ರಿ, ಕಡೀಕ ಇವರ ತಲಿಗಿ ಹತ್ತಿತು."

ಉಜ್ವಲಾ ತನ್ನ ಸರದಿಗಾಗಿ ಕಾಯುತ್ತಿದ್ದಳು. ಎಂಟೂವರೆಯ ಬಸ್ಸಿಗೆ ಚಿಟಗುಪ್ಪಕ್ಕೆ ಹೋಗಿ ಹೈಸ್ಕೂಲಿನಲ್ಲಿ ಮೊದಲನೇ ಪಿರಿಯಡ್ ತೆಗೆದುಕೊಳ್ಳಬೇಕಿತ್ತು. 

"ಆದ್ರ ನೀರು ಭಾಳ ಬೇಕವರಿಗಿ," ಎಂದು ಮೀನಾ ನಕ್ಕಳು. "ಒಂದಲ್ಲ ಎರಡಲ್ಲ, ನಾಕು ಬಕೆಟ್! ನಮ್ಮ ಎಮ್ಮಿ ಮೈ ತೊಳ್ಯಾಕೂ ಅಷ್ಟು ಹತ್ತಂಗಿಲ್ಲ."

"ಎಂದಿನಿಂದ?"

"ಏನ್ರಿ?"

"ಎಂದಿನಿಂದ ಹಳ್ಳಕ್ಕ ಹೋಗೋದು ಬಿಟ್ಟಾರ?"

"ಸೋಯಾ ರಾಶಿ ಆದಾಗಿಂದ. ಮೂರು ತಿಂಗಳಾತು. ಯಾಕ್ರಿ ಅಕ್ಕಾ, ಮಾರಿ ಯಾಕ ಹಂಗ ಮಾಡಿದ್ರಿ?"

ಉಜ್ವಲಾ ಖಾಲಿ ಕೊಡವನ್ನು ಅಲ್ಲೇ ನೆಲಕ್ಕಿಟ್ಟಳು. ಆ ದಿನ ಅವಳು ಶಾಲೆಗೆ ಹೋಗಲಿಲ್ಲ.

ನಾಲ್ಕು ವರ್ಷದ ಹಿಂದೆ ಅವಳ ಗಂಡ ಸಂತೋಷಕುಮಾರನೂ ಹೀಗೆಯೇ ಸುಧಾರಿಸಿದ್ದ. ಮದುವೆಯಾಗಿ ಬೇಮಳಖೇಡಕ್ಕೆ ಬಂದ ಹೊಸದರಲ್ಲಿ, ಕಲಬುರಗಿಯಲ್ಲಿ ಎಂ.ಎ. ಓದಿ ಬಂದ ಉಜ್ವಲಾಳಿಗೆ ಆ ಮನೆಯಲ್ಲಿ ಸಹಿಸಲಾಗದೆ ಇದ್ದದ್ದು ಒಂದೇ. ಹಿತ್ತಲಿನ ಸಂಡಾಸ. ಸರ್ಕಾರದವರು ಕಟ್ಟಿಸಿಕೊಟ್ಟ ಆ ಕೋಣೆಯ ತುಂಬ ತೊಗರಿ ಕಟ್ಟಿಗೆಯೂ ಕುಳ್ಳೂ ತುಂಬಿದ್ದವು. ಅವಳು ಹಟ ಮಾಡಿ ತನ್ನ ಮಟ್ಟಿಗೆ ಅರ್ಧ ಜಾಗ ಬಿಡಿಸಿಕೊಂಡಿದ್ದಳು. ಸಂತೋಷ ಮಾತ್ರ ನಸುಕಿನಲ್ಲಿ ಚರಗಿ ಹಿಡಿದು ಗೆಳೆಯರಾದ ಬಸವರಾಜ, ಮೀನಾಳ ಗಂಡ ಅಂಬರೀಷರ ಜೊತೆ ಹಳ್ಳದ ಕಡೆ ನಡೆಯುತ್ತಿದ್ದ. ಒಬ್ಬರಿಂದೊಬ್ಬರು ನಾಲ್ಕು ಮಾರು ದೂರ ಕೂತು, ಸಂತೆಯ ಧಾರಣೆಯಿಂದ ಹಿಡಿದು ಪಂಚಾಯ್ತಿ ಇಲೆಕ್ಷನ್ನಿನ ತನಕ ಎಲ್ಲ ಮಾತು ಮುಗಿಸಿಕೊಂಡು ಬರುವುದು ಸಣ್ಣಂದಿನಿಂದ ಬಂದ ರೂಢಿ. "ನಾಕ್ಮಂದಿ ಸಂಗಾಟ ಕೂತ್ರನ ನನಗ ಬರೋದು," ಎಂದು ಅವಳನ್ನು ರೇಗಿಸುತ್ತಿದ್ದ.

ಒಂದು ದೀಪಾವಳಿಯ ಮರುವಾರ ಅವನೇ ಕಟ್ಟಿಗೆ ಕುಳ್ಳು ಹೊರಗೆ ಹಾಕಿದ. ಹುಮನಾಬಾದಿನಿಂದ ತಗಡಿನ ಬಾಗಿಲು ತಂದು ಕೂಡಿಸಿದ. ಮರುದಿನದಿಂದ ಚರಗಿ ಗೂಡು ಸೇರಿತು. ಒಳಗಿನಿಂದ ಬಕೆಟ್ಟುಗಟ್ಟಲೆ ನೀರು ಸುರಿಯುವ ಸಪ್ಪಳ ಬಂದರೆ ಉಜ್ವಲಾ ಒಲೆಯ ಮುಂದೆ ಕೂತಲ್ಲೇ ನಗುತ್ತಿದ್ದಳು. ಗೆದ್ದೆ ಎಂದುಕೊಂಡಿದ್ದಳು. ತವರಿಗೆ ಫೋನು ಮಾಡಿ ಹೇಳಿದ್ದಳು. ಶೇಂಗಾ ಹೋಳಿಗೆ ಮಾಡಿ ಬಡಿಸಿದ್ದಳು.

ಅವನು ನೀರು ಸುರಿದು ರಕ್ತ ತೊಳೆಯುತ್ತಿದ್ದ. ಬಯಲಿನಲ್ಲಿ ಊರ ಮಂದಿಯ ಕಣ್ಣಿಗೆ ಬಿದ್ದೀತೆಂದು ಒಳಗೆ ಸೇರಿಕೊಂಡಿದ್ದ. ಅದು ಅವಳಿಗೆ ತಿಳಿಯುವುದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರೊಳಗೆ ಅವನು ಸೊರಗಿ ಷರ್ಟು ಎರಡು ಅಳತೆ ದೊಡ್ಡದಾಗಿತ್ತು. ಹುಮನಾಬಾದಿನ ಡಾಕ್ಟರು, "ರಕ್ತ ಎಷ್ಟು ದಿನದಿಂದ ಹೋಗಾಕತ್ತದ?" ಎಂದು ಕೇಳಿದಾಗ ಸಂತೋಷ ಹೆಂಡತಿಯ ಕಡೆ ನೋಡದೆ, ಜೊತೆಗೆ ಬಂದಿದ್ದ ಅಂಬರೀಷನ ಮುಖ ನೋಡಿದ. ಆ ನೋಟದ ಅರ್ಥ ಅವಳಿಗೆ ಆಗ ಆಗಲಿಲ್ಲ.

ಕಲಬುರಗಿಯಲ್ಲಿ ಕರುಳಿಗೆ ನಳಿಗೆ ಹಾಕಿ ನೋಡಿ ಕ್ಯಾನ್ಸರ್ ಎಂದರು. ಕೊಯ್ದರು, ಹೊಲಿದರು, ಎಂಟು ತಿಂಗಳು ಔಷಧ ಹನಿಸಿದರು. ಅಲ್ಲಿನ ಡಾಕ್ಟರು ಚೀಟಿಯ ಹಿಂಬದಿ ದೊಡ್ಡ ಕರುಳಿನ ಚಿತ್ರ ಬರೆದು ತೋರಿಸಿದ್ದರು. ಮೊದಲು ಬಾರೆಕಾಯಿ ಬೀಜದಷ್ಟು ಒಂದು ಗಂಟು. ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ. ಆಗಲೇ ಕಂಡಿದ್ದರೆ ನಳಿಗೆಯಲ್ಲೇ ಕತ್ತರಿಸಿ ತೆಗೆದು ಸಂಜೆ ಮನೆಗೆ ಕಳಿಸಬಹುದಿತ್ತು. ನಲವತ್ತೈದು ದಾಟಿದವರು ಏನೂ ತೊಂದರೆ ಇಲ್ಲದಿದ್ದರೂ ಒಮ್ಮೆ ತೋರಿಸಿಕೊಳ್ಳಬೇಕು, ರಕ್ತ ಕಂಡವರಂತೂ ವಯಸ್ಸು ಎಷ್ಟೇ ಇರಲಿ ಒಂದು ದಿನವೂ ಕಾಯಬಾರದು. ಉಜ್ವಲಾ ಆ ಚೀಟಿಯನ್ನು ಇನ್ನೂ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು.

ಸಂತೋಷ ತೀರಿಕೊಂಡು ದಿನಗಳೆಲ್ಲ ಮುಗಿದ ಮೇಲೆ ಬಸವರಾಜ ಅವಳ ಮನೆಯ ಕಟ್ಟೆಯ ಮೇಲೆ ಕೂತು ಅತ್ತಿದ್ದ. "ಅವ ಹಳ್ಳಕ್ಕ ಬರೋದು ಬಿಡೋಕಿಂತ ಮೊದ್ಲೇ ನಮಗ ಮಾಲೂಮ್ ಇತ್ತು ವೈನಿ. ನಿಮಗ ಹೇಳಬಾರದು ಅಂತ ಆಣಿ ಹಾಕಿಸಿದ್ದ. ಅಂಬರೀಷನೇ ಅವನ್ನ ಕಲ್ಯಾಣದ ನಾಟಿ ವೈದ್ಯರ ಕಡಿ ಕರ್ಕೊಂಡು ಹೋಗಿ ಮೂಲವ್ಯಾಧಿ ಪುಡಿ ಕೊಡಿಸ್ಕೊಂಡು ಬರ್ತಿದ್ದ. ದೋಸ್ತನ ಇಜ್ಜತ್ ಕಾಪಾಡಿದಿವಿ ಅನ್ಕೊಂಡಿದ್ವಿ."

ಆಗ ಅವಳಿಗೆ ಅಳು ಬರಲಿಲ್ಲ. ಎದ್ದು ಒಳಗೆ ಹೋಗಿ ಅವನಿಗೆ ಚಹಾ ಮಾಡಿ ತಂದುಕೊಟ್ಟಿದ್ದಳು.

ಸಂತೋಷನ ವರ್ಷದ ತಿಥಿಯ ಊಟಕ್ಕೆ ಗೆಳೆಯರು ಬಂದಾಗ ಹುಮನಾಬಾದಿನ ಲ್ಯಾಬಿನಿಂದ ಸಣ್ಣ ಡಬ್ಬಿಗಳನ್ನು ತಂದಿಟ್ಟಿದ್ದಳು. ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಇದರಲ್ಲಿ ಗೊತ್ತಾಗುತ್ತದೆ, ಕಡಲೆಯಷ್ಟು ಮಲ ಹಾಕಿ ಕೊಡಿ ಸಾಕು, ಲ್ಯಾಬಿಗೆ ನಾನೇ ಒಯ್ಯುತ್ತೇನೆ ಎಂದಿದ್ದಳು. ಬಸವರಾಜ ಡಬ್ಬಿಯನ್ನು ಹಣೆಗೊತ್ತಿಕೊಂಡು, "ವೈನಿ ಪ್ರಸಾದ ಕೊಟ್ಟಾರೋ!" ಎಂದಾಗ ಪಂಕ್ತಿಯೆಲ್ಲ ನಕ್ಕಿತ್ತು. ಅಂಬರೀಷನೊಬ್ಬ ನಗದೆ ಡಬ್ಬಿಯನ್ನು ಜೇಬಿಗಿಳಿಸಿದ್ದ. ಇವನೊಬ್ಬನಾದರೂ ತಿಳಿದವನು ಎಂದುಕೊಂಡಿದ್ದಳು. ಒಂದು ಡಬ್ಬಿಯೂ ತಿರುಗಿ ಬರಲಿಲ್ಲ. ತಿಂಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬಸವರಾಜ ಅದೇ ಡಬ್ಬಿಯಿಂದ ಸುಣ್ಣ ತೆಗೆದು ತಂಬಾಕಿಗೆ ತಿಕ್ಕುತ್ತಿದ್ದ.

ಈಗ ನಳದಿಂದ ಮೀನಾಳ ಹಿಂದೆಯೇ ಅವಳು ಅಂಬರೀಷನ ಮನೆಗೆ ಹೋದಳು. ಅವನು ಹುಮನಾಬಾದಿನ ಅಡತಿ ಅಂಗಡಿಗೆ ಕಾಳಿನ ಚೀಲ ಹೊರಲು ಹೋಗಿಯಾಗಿತ್ತು. ಅಡಿಗೆ ಮನೆಯ ಮಾಡದಲ್ಲಿ, ದೇವರ ಎಣ್ಣೆಯ ಬಾಟಲಿಯ ಹಿಂದೆ, ಪೇಪರಿನ ಪೊಟ್ಟಣಗಳು ಕಂಡವು. ಕೆಂಪು ದಾರದ ಕಟ್ಟು. ಮೂಗಿಗೆ ಹಿಡಿದು ನೋಡಬೇಕಾಗಲಿಲ್ಲ. ಆ ಅಳಲೆಕಾಯಿಯ ವಾಸನೆ ಸಂತೋಷನ ಟ್ರಂಕಿನಿಂದ ಇನ್ನೂ ಹೋಗಿರಲಿಲ್ಲ.

"ಅದಾ? ಕಲ್ಯಾಣದ ಪುಡಿ," ಎಂದಳು ಮೀನಾ. "ಮೈ ಗರಂ ಆಗ್ಯಾದ ಅಂತ ತಗೋತಾರ."

ಉಜ್ವಲಾ ಹೇಳಿದಳು. ಎಲ್ಲವನ್ನೂ, ಒಂದು ಶಬ್ದ ಮುಚ್ಚಿಡದೆ ಹೇಳಿದಳು. ಕೇಳುತ್ತ ಕೇಳುತ್ತ ಮೀನಾ ಗೋಡೆ ಹಿಡಿದು ಕೂತಳು.

"ಇಲ್ಲ ಬಿಡ್ರಿ ಅಕ್ಕಾ. ದಿನಾ ಚೀಲ ಹೊರೋ ಮನಷ್ಯ. ಅವರಿಗೇನಾಗ್ಯಾದ?"

"ನೀ ಒಮ್ಮಿಯರೆ ನೋಡೀದಿ?"

"ಇಶ್ಶೀ! ನಾ ಹ್ಯಾಂಗ ನೋಡ್ಲಿ? ಅವರು ನೀರು ಹಾಕೇ ಹೊರಗ ಬರ್ತಾರ."

ಮರುದಿನ ಚಳಿ ಬಿಟ್ಟಿರಲಿಲ್ಲ. ಮೂಡಲಲ್ಲಿ ಬೆಳಕು ಹರಿಯುವ ಹೊತ್ತಿಗೆ ಉಜ್ವಲಾ ಶಾಲು ಹೊದ್ದು ಹೊರಟಳು. ಅತ್ತೆ ಯಶೋದಾಬಾಯಿ ಅಂಗಳದಲ್ಲಿ ಕಸಬರಿಗೆಯಾಡಿಸುತ್ತಿದ್ದಳು. "ಇಷ್ಟು ನಸಕಿನ್ಯಾಗ ಎಲ್ಲಿಗವ್ವಾ?"

"ಅಂಬರೀಷಣ್ಣನ ಸಂಡಾಸದ ತನಕ ಹೋಗಿ ಬರ್ತೀನಿ."

ಮುದುಕಿಯ ಕಸಬರಿಗೆ ಅಲ್ಲೇ ನಿಂತಿತು. ಸೊಸೆಯ ಮುಖ ನೋಡಿ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಹಿತ್ತಲಿನ ನೀರಿನ ಹೌದಿನ ಪಕ್ಕ ಮೀನಾ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ತಗಡಿನ ಬಾಗಿಲು ಒಳಗಿನಿಂದ ಹಾಕಿತ್ತು. ಉಜ್ವಲಾ ನೇರ ಹೋಗಿ ಅದನ್ನು ಬಡಿದಳು. ಬೆಳಗಿನ ಹೊತ್ತಿನಲ್ಲಿ ತಗಡು ನಾಲ್ಕು ಮನೆಗೆ ಕೇಳುವಂತೆ ಗುಡುಗಿತು.

"ಯಾರದು?"

"ನಾನು, ಉಜ್ವಲಾ. ನೀರು ಹಾಕಬ್ಯಾಡ್ರಿ."

"ವೈನಿ? ನೀವು ಇಲ್ಲಿ... ಮೊದ್ಲ ಹೋಗ್ರಿ ಅಲ್ಲಿಂದ. ಮಂದಿ ನೋಡಿದ್ರ ಏನಂದಾರು?"

"ಮಂದಿ ನೋಡ್ಲಿ. ಒಳಗ ಇದ್ದದ್ದನ್ನ ಮೀನಾ ನೋಡ್ತಾಳ. ನೀರು ಹಾಕಬ್ಯಾಡ್ರಿ."

ಹಳ್ಳದ ಕಡೆಯಿಂದ ಬರುವ ದಾರಿ ಆ ಹಿತ್ತಲಿನ ಬೇಲಿಗುಂಟ ಹಾದು ಹೋಗುತ್ತಿತ್ತು. ಬಸವರಾಜ ಇನ್ನಿಬ್ಬರೊಂದಿಗೆ ಖಾಲಿ ಚರಗಿ ತೂಗಾಡಿಸುತ್ತ ಬರುತ್ತಿದ್ದವನು ಬೇಲಿಯ ಆಚೆ ನಿಂತುಬಿಟ್ಟ.

"ಇದೇನ್ರಿ ವೈನಿ! ಗಂಡಸ್ರು ಕೂತಲ್ಲಿ ಬಂದು ಬಾಗಲಾ ಬಡೀತೀರಿ? ಓದಿದವರು ಮಾಡೋ ಕೆಲಸ ಏನಿದು?"

ಉಜ್ವಲಾ ತಿರುಗಿದಳು. ಎರಡು ವರ್ಷ ಅವಳು ಯಾರ ಮುಂದೆಯೂ ದನಿ ಎತ್ತಿರಲಿಲ್ಲ. ಈಗ ಬಂದ ದನಿ ಅವಳಿಗೇ ಹೊಸದಾಗಿತ್ತು.

"ಬಸವರಾಜಣ್ಣಾ, ಜೇಬಿನ್ಯಾಗಿನ ಡಬ್ಬಿ ತೆಗೀರಿ."

"ಯಾವ ಡಬ್ಬಿ?"

"ಸುಣ್ಣ ತುಂಬೀರಲ್ಲ, ಅದು. ತೆಗೀರಿ. ಎಲ್ಲಾರೂ ನೋಡ್ಲಿ. ನಾ ನಿಮಗ ಜೀವ ಉಳಿಸ್ಕೋರಿ ಅಂತ ಕೊಟ್ಟಿದ್ದು, ನೀವು ತಂಬಾಕಿಗಿ ಇಟ್ಕೊಂಡ್ರಿ. ನನ್ನ ಗಂಡನ ಹೆಣಕ್ಕ ಹೆಗಲು ಕೊಡಾಕ ಮುಂದ ನಿಂತ್ರಿ. ಹೆಗಲು ಕೊಡಾಕ ನಾಚಿಕಿ ಬರಲಿಲ್ಲ, ಬಾಯಿ ಬಿಡಾಕ ನಾಚಿಕಿ ಬಂತು! ನನಗೊಂದು ಮಾತು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ಒಂದೇ ಒಂದು ಮಾತು. ವೈನಿ, ಅವಗ ರಕ್ತ ಬೀಳಾಕತ್ತದ. ಇಷ್ಟೇ!"

"ಆಣಿ ಹಾಕಿಸಿದ್ದ ವೈನಿ..."

"ಆ ಆಣಿ ಈಗ ಯಾರನ್ನ ಉಳಿಸ್ತು?"

ಬಸವರಾಜ ಚರಗಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಉಳಿದಿಬ್ಬರು ಹೋಗಲೂ ಆಗದೆ ನಿಲ್ಲಲೂ ಆಗದೆ ನೆಲ ನೋಡುತ್ತಿದ್ದರು. ಈ ತನಕ ಮೂವರಲ್ಲಿ ಯಾರೊಬ್ಬರೂ, ಅಂಬರೀಷ ಯಾಕೆ ಬರುವುದು ಬಿಟ್ಟ ಎಂದು ಕೇಳಿರಲಿಲ್ಲ. ಕೇಳದಿರುವುದೇ ಸ್ನೇಹ ಎಂದು ನಂಬಿದ್ದ ಜನ.

ಒಳಗಿನಿಂದ ದನಿ ಬಂತು, ಮೆಲ್ಲಗೆ. "ಖಾಲಿ ಮೂಲವ್ಯಾಧಿ ಅದ ವೈನಿ. ಹೋಗ್ರಿ."

"ಅವರೂ ಇದೇ ಅಂದಿದ್ರು. ಪುಡಿ ಇದೇ, ಕೆಂಪು ದಾರ ಇದೇ. ಕರ್ಕೊಂಡು ಹೋದವರು ನೀವೇ."

"ಅದಕ್ಕೇ..." ಅಂಬರೀಷನ ಮಾತು ತಡೆಯಿತು. ತಗಡಿನ ಆ ಕಡೆಯಿಂದ ಚೀಲ ಹೊರುವ ಮನುಷ್ಯನ ದನಿ ಸಣ್ಣದಾಗಿ ಕೇಳಿತು. "ಅದಕ್ಕೇ ಅಂಜಿಕಿ ಬರ್ತದ. ಕಲಬುರಗಿಯೊಳಗ ಅವನ ಹೊಟ್ಟಿಗಿ ಹಚ್ಚಿದ್ದ ಸಂಡಾಸದ ಚೀಲ ನಾ ತೊಳದೀನಿ ವೈನಿ. ಅವ ಹ್ಯಾಂಗ ಸತ್ತ ನಾ ನೋಡೀನಿ. ತೋರಿಸ್ಕೊಂಡು ಅದೇ ಅದ ಅಂದ್ರ ನಾ ಏನ್ಮಾಡ್ಲಿ?"

ಆ ಚೀಲವನ್ನು ಅವನು ತೊಳೆದದ್ದು ನಿಜ. ಅವಳು ನಾಲ್ಕು ದಿನದಿಂದ ನಿದ್ದೆಗೆಟ್ಟು ವಾರ್ಡಿನ ನೆಲದ ಮೇಲೆ ಬಿದ್ದಿದ್ದ ದಿನ, ಅವಳನ್ನು ಎಬ್ಬಿಸದೆ ತೊಳೆದಿದ್ದ. ಕರುಣೆ ಬರಬೇಕಿತ್ತು. ಬಂದದ್ದು ಮತ್ತೆ ಸಿಟ್ಟೇ.

"ಅವರು ಹ್ಯಾಂಗ ಸತ್ರು ನೋಡೀರಿ. ಯಾಕ ಸತ್ರು ಅದನ್ನ ನೋಡ್ಲಿಲ್ಲ. ಹದಿನಾಲ್ಕು ತಿಂಗಳು ಸತ್ರು ಅವರು, ನೀರು ಹಾಕಿ ಹಾಕಿ. ನಿಮಗಿನ್ನೂ ಮೂರು ತಿಂಗಳು. ಮೂಲವ್ಯಾಧಿನೇ ಇರ್ಬಹುದು. ಡಾಕ್ಟರ್ ನೋಡಿ ಹಾಂಗಂದ್ರ ನಾ ಊರ ಮುಂದ ನಿಮ್ಮ ಕಾಲಿಗಿ ಬೀಳ್ತೀನಿ. ಆದ್ರ ನೀವೇ ಡಾಕ್ಟರ್ ಆಗಬ್ಯಾಡ್ರಿ." ಅವಳು ಅಂಗೈಯನ್ನು ತಗಡಿಗೆ ಊರಿದಳು. ತಗಡು ಮಂಜಿನಂತೆ ತಣ್ಣಗಿತ್ತು. "ನಾ ನೀರಿನ ಸಪ್ಪಳ ಕೇಳಿ ಖುಷಿಪಟ್ಟೆ, ಅಣ್ಣಾ. ಹೋಳಿಗಿ ಮಾಡಿ ನೀಡಿದೆ. ಮೀನಾನ್ನ ಹಾಂಗ ಮಾಡಬ್ಯಾಡ್ರಿ."

ಹೌದಿನ ಬಳಿ ಮೀನಾ ಸೆರಗನ್ನು ಬಾಯಿಂದ ತೆಗೆದಳು. "ನೀರು ಹಾಕಬ್ಯಾಡ್ರಿ," ಎಂದಳು. ಗಂಡನ ಮೇಲೆ ದನಿ ಏರಿಸಿ ಅವಳಿಗೆ ರೂಢಿಯಿರಲಿಲ್ಲ. ಮಾತು ಅರ್ಧ ಕೂಗಾಗಿ, ಅರ್ಧ ಅಳುವಾಗಿ ಹೊರಬಿತ್ತು. "ಕೇಳಸ್ತೇನ್ರಿ? ನನ್ನಾಣಿ ಅದ. ಹಾಕಬ್ಯಾಡ್ರಿ!"

ಒಳಗೆ ಬಕೆಟ್ಟಿನ ಹಿಡಿಕೆ ಕಿರ್ ಎಂದಿತು. ಎತ್ತಿದನೆಂದು ಉಜ್ವಲಾ ಕಣ್ಣು ಮುಚ್ಚಿಕೊಂಡಳು. ನೀರು ಬೀಳುವ ಸಪ್ಪಳ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಿವಿ ಅದಕ್ಕಾಗಿಯೇ ಕಾದಿತ್ತು.

ಬಕೆಟ್ಟನ್ನು ನೆಲಕ್ಕಿಟ್ಟ ಸದ್ದು ಬಂತು. ತುಂಬಿದ ಬಕೆಟ್ಟು ಕೂರುವ ದಪ್ಪ ಸದ್ದು.

ಚಿಲಕ ತೆಗೆದು ಅಂಬರೀಷ ಹೊರಗೆ ಬಂದ. ಯಾರ ಮುಖವನ್ನೂ ನೋಡದೆ, ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಂಡು ಗೋಡೆಗೆ ಬೆನ್ನು ಹಚ್ಚಿ ಕೂತ. ಮೀನಾ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದವಳು ಉಜ್ವಲಾಳಿಗೆ ಹೌದೆಂದು ತಲೆಯಾಡಿಸಿ, ಗಂಡನ ಪಕ್ಕ ಕೂತು ಅವನ ಕೈ ಹಿಡಿದುಕೊಂಡಳು. ಹಿತ್ತಲಲ್ಲಿ ಮಂದಿ ನೋಡುತ್ತಿದ್ದಾರೆಂಬುದು ಅವಳಿಗೆ ನೆನಪಿರಲಿಲ್ಲ.

"ಎಂಟೂವರಿ ಬಸ್ಸು," ಎಂದಳು ಉಜ್ವಲಾ. "ಚಿಟಗುಪ್ಪದಾಗ ಇಳಿದು ಹುಮನಾಬಾದಿಂದು ಹಿಡಿಯೋದು. ನಾ ಬರ್ತೀನಿ. ಪುಡಿನೂ ಜೋಡಿ ತಗೋರಿ, ಡಾಕ್ಟರಿಗಿ ತೋರಸೋದದ."

ಅಂಬರೀಷ ತಲೆ ಎತ್ತಲಿಲ್ಲ. "ಅಡತಿಗಿ ಫೋನ್ ಮಾಡು," ಎಂದ, ಮೀನಾಳಿಗೆ. "ಇವತ್ತು ಬರಂಗಿಲ್ಲ ಅಂತ ಹೇಳು."

ಬೇಲಿಯ ಆಚೆ ಟಕ್ ಟಕ್ ಎಂದು ಸದ್ದಾಯಿತು. ಬಸವರಾಜ ಕುಕ್ಕರಗಾಲಲ್ಲಿ ಕೂತು ಡಬ್ಬಿಯನ್ನು ಕಲ್ಲಿಗೆ ಬಡಿಯುತ್ತಿದ್ದ. ಒಣಗಿದ ಸುಣ್ಣ ಪುಡಿಪುಡಿಯಾಗಿ ಉದುರುತ್ತಿತ್ತು. ಚರಗಿಯಲ್ಲಿ ಉಳಿದ ನಾಲ್ಕು ಹನಿ ನೀರು ಹಾಕಿ ಬೆರಳಾಡಿಸಿದ. ಆಮೇಲೆ ಅದನ್ನು ಬೇಲಿಯ ಮೇಲಿಂದ ಚಾಚಿದ.

"ಇದು... ತೊಳದ್ರ ನಡೀತದೇನ್ರಿ ವೈನಿ?"

"ನಡ್ಯಂಗಿಲ್ಲ," ಎಂದಳು. ದನಿಯಲ್ಲಿ ಸಿಟ್ಟು ಹಾಗೇ ಇತ್ತು. "ಸಂಜಿಗಿ ಬ್ಯಾರೇದು ತರ್ತೀನಿ. ಮೂರು."

ಬೇಲಿಯಾಚೆಯ ಮೂವರೂ ಹೋದರು. ಬೆಳಕು ಹೌದಿನ ತನಕ ಇಳಿದಿತ್ತು. ಅರ್ಧ ತೆರೆದ ತಗಡಿನ ಬಾಗಿಲಿನೊಳಗೆ ಬಕೆಟ್ಟು ಕಂಠಮಟ ತುಂಬಿ ನಿಂತಿತ್ತು. ಗಾಳಿಗೆ ಬಾಗಿಲು ತಾಗಿ ನೀರು ಸಣ್ಣಗೆ ತುಳುಕುತ್ತಿತ್ತು. ಉಜ್ವಲಾ ಅದು ನಿಲ್ಲುವ ತನಕ ನೋಡುತ್ತ ನಿಂತಳು.