ಯಮನವ್ವನ ಗಂಟಿನ ಹಾಜರಿ

ಯಮನವ್ವ ಎರಡು ವಾರದಿಂದ ಆಸ್ಪತ್ರೆಗೆ ಬಂದಿರಲಿಲ್ಲ. ಎದೆಯ ಕ್ಯಾನ್ಸರ್ ಗಂಟು ತೆಗೆದಾಗಿತ್ತು. ಡಾಕ್ಟರು ಇನ್ನೊಂದು ಟೆಸ್ಟಿಗೆ ಚೀಟಿ ಬರೆದುಕೊಟ್ಟಿದ್ದರು. ಆಮೇಲೆ ಅವಳು ಫೋನೂ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳಿಗೆ ತಿಳಿಸಿ ಹೇಳುವುದೇ ನನ್ನ ಕೆಲಸ. ಹದಿನಾಲ್ಕು ವರ್ಷ ಹೇಳಿ ಹೇಳಿ ಬಾಯಿ ಸೋತಿದೆ. ಆದರೂ ವಾಕಡ ಬಡಾವಣೆಯಲ್ಲಿದ್ದ ಅವರ ತಗಡಿನ ಮನೆಗೆ ಹೋದೆ.

"ಸಾಕಾಗೇದ್ರಿ ಶರಣಮ್ಮಕ್ಕ," ಎಂದಳು. ಕೈ ಎತ್ತಿ ತಲೆ ಬಾಚಿಕೊಳ್ಳಲೂ ಅವಳಿಗೆ ಆಗುತ್ತಿರಲಿಲ್ಲ. "ಗಂಟು ಹೋತಲ್ಲ, ಮತ್ಯಾಕ ಟೆಸ್ಟ?"

ಗಂಡ ಹಣಮಂತ್ರಾಯ ಕಟ್ಟಡದ ಸೈಟಿನಲ್ಲಿ ಕಬ್ಬಿಣದ ಸರಳು ಕಟ್ಟುವವನು. ಬಾಗಿಲು ಮುಂದಕ್ಕೆಳೆದು ದನಿ ತಗ್ಗಿಸಿದ.

"ಅದು ಜೀನಿನ ಟೆಸ್ಟ ಅಂತಲ್ರಿ. ಜೀನ್ ಅಂದ್ರ ವಂಶ. ಐತವಾರ ಶಿರೂರಿನಿಂದ ಗಂಡಿನವರು ನಮ್ಮ ಭಾಗಮ್ಮನ್ನ ನೋಡಾಕ ಬರಾಕತ್ತಾರ. ಇವರ ವಂಶದ ರಕ್ತದಾಗ ರೋಗ ಅದ ಅಂತ ಅವರು ಅಂದ್ರ ಮಗಳ ಗತಿ ಏನ್ರಿ?"

ಹೆಂಡತಿಯ ಜೀವಕ್ಕಿಂತ ನೆಂಟಸ್ತನ ದೊಡ್ಡದಾಯಿತೇ ಎಂದು ಸಿಟ್ಟು ಬಂತು. ನುಂಗಿಕೊಂಡೆ.

"ವಂಶದ ಟೆಸ್ಟ ಬ್ಯಾರೆ ಇರ್ತದ್ರಿ. ಇದು ತೆಗೆದ ಗಂಟಿನ ಟೆಸ್ಟ. ಅದರ ತುಣುಕು ಕೆಡದಂಗ ಲ್ಯಾಬಿನಾಗ ಮೇಣದಾಗ ಇಟ್ಟಾರ, ಇವರನ್ನ ಮತ್ತ ಕೊಯ್ಯೂದಿಲ್ಲ. ನಿಮಗ ಕೆಲಸ ಹಚ್ಚೂ ಮುಕಾದಮನ ಪಟ್ಟಿಯಾಗ ನೂರು ಮಂದಿ ಹೆಸರು ಇರ್ತಾವಲ್ಲ?"

"ಹೌದ್ರಿ."

"ಹೆಸರು ಇದ್ರ ಕಟ್ಟಡ ಏಳ್ತದೇನು?"

"ಎಲ್ಲಿದ್ರಿ! ಆ ದಿನ ಎಷ್ಟು ಮಂದಿ ಕೆಲಸಕ್ಕ ಇಳದಾರ ಅದು ನೋಡಬೇಕು."

"ಜೀನೂ ಹಂಗ. ಗಂಟಿನಾಗ ಯಾವ ಜೀನು ಜೋರು ಕೆಲಸಾ ಮಾಡ್ಯಾವ, ಯಾವು ಸುಮ್ಮ ಕುಂತಾವ ಅಂತ ಈ ಟೆಸ್ಟ ಹಾಜರಿ ತಗೋತದ. ರೋಗ ತಿರುಗಿ ಬರೂ ಸಂಭವ ಎಷ್ಟದ, ಕೀಮೋ ಬೇಕೋ, ಬರೇ ಗುಳಿಗಿ ಸಾಕೋ ಅಂತ ಡಾಕ್ಟರಿಗೆ ಅಂದಾಜು ಸಿಗತದ."

ಹಣಮಂತ್ರಾಯ ಡಾಕ್ಟರ ಚೀಟಿ ಹುಡುಕಿ ತೆಗೆದ. ರೊಟ್ಟಿ ಬಡಿಯುತ್ತಿದ್ದ ಭಾಗಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಯವ್ವಾ, ಇಷ್ಟಕ್ಕ ಒಲ್ಲೆ ಅನ್ನೋರ ಮನಿ ನನಗೂ ಬ್ಯಾಡ. ನೀ ಇರಬೇಕು ನನಗ."

ಮರುದಿನ ಮೂವರೂ ಬಂದು ಒಪ್ಪಿಗೆ ಕೊಟ್ಟರು. ಮೂರು ವಾರದ ಮೇಲೆ ರಿಪೋರ್ಟು ಬಂತು. ರೋಗ ಮರಳುವ ಸಂಭವ ಹೆಚ್ಚಿದೆ, ಗುಳಿಗೆಯ ಜೊತೆಗೆ ಕೀಮೋ ಕೂಡ ಬೇಕು ಎಂದರು ಡಾಕ್ಟರು. ಯಮನವ್ವ ನನ್ನ ಕಡೆ ತಿರುಗಿದಳು.

"ನಾ ಮನ್ಯಾಗ ಕುಂತಬಿಟ್ಟಿದ್ರ ಏನಾಗ್ತಿತ್ತರಿ ಅಕ್ಕಾರ?"

ನಾನು ರಿಪೋರ್ಟನ್ನು ಅವಳ ಫೈಲಿಗೆ ಸೇರಿಸಿದೆ. ಹಣಮಂತ್ರಾಯ ಡಾಕ್ಟರನ್ನು ಕೇಳಿದ: "ಕೀಮೋ ಯಾವತ್ತಿಂದ ಚಾಲೂ ಮಾಡ್ತೀರಿ? ನಾ ಕೆಲಸಕ್ಕ ಸುಟ್ಟಿ ಹಾಕ್ತೀನ್ರಿ."

ಅಕ್ಕಂದಿರೇ, ಅಣ್ಣಂದಿರೇ, ಈ ಟೆಸ್ಟು ಎಲ್ಲರಿಗೂ ಬೇಕಾಗುವುದಿಲ್ಲ. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ, ಅದೂ ಆರಂಭದ ಹಂತದಲ್ಲಿ ಮಾತ್ರ. ನಿಮಗೆ ಬೇಕೇ ಎಂದು ಡಾಕ್ಟರನ್ನೇ ಕೇಳಿ. ಅವರು ಬರೆದುಕೊಟ್ಟರೆ ಚೀಟಿ ಮುಚ್ಚಿಡಬೇಡಿ. ಮನಸ್ಸಿನಲ್ಲಿ ಹೆದರಿಕೆ ಇದ್ದರೆ ನಮ್ಮಂಥವರ ಮುಂದೆ ಹೇಳಿಕೊಳ್ಳಿ. ನನಗೆ ದಣಿವಾಗಿದೆ, ನಿಜ. ಆದರೂ ನೀವು ಹತ್ತು ಸಲ ಕೇಳಿದರೆ ಹತ್ತು ಸಲವೂ ಹೇಳುತ್ತೇನೆ. ನೀವು ಮಾತ್ರ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂರಬೇಡಿ.