ಗುರುಶಾಂತವ್ವನ ಹಲ್ಲು, ಬೀಗರ ಕಿವಿ

ಸಿದ್ದಾಪುರದಲ್ಲಿ ಹಲ್ಲಿನ ಸೆಟ್ ಕಟ್ಟಿಸಿಕೊಂಡು ಬಂದ ದಿನದಿಂದ ಬನವಾಸಿಯ ಗುರುಶಾಂತವ್ವನ ಬಾಯಲ್ಲಿ ಸಕಾರ, ಶಕಾರಗಳೆಲ್ಲ ಥಕಾರವಾಗಿಬಿಟ್ಟವು. ಸೊಸೆ ಹೋಗಿ ಥೊಥೆಯಾದಳು. ಮೊದಮೊದಲು ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಂಗಳು ಕಳೆಯುವಷ್ಟರಲ್ಲಿ ಎಲ್ಲರೂ, "ಹಲ್ಲು ಈಗ ಸರಿ ಕುಂತಾವ ಬಿಡವ್ವ, ಮಾತು ಮೊದಲಿನಂಗ ಆತು" ಅನ್ನತೊಡಗಿದರು. ಪಾಪ, ಅವಳೂ ನಂಬಿದಳು. ಸರಿ ಕೂತಿದ್ದು ಹಲ್ಲಲ್ಲ, ಮನೆಯವರ ಕಿವಿ! ಅದು ಅವರಿಗೇ ಗೊತ್ತಿರಲಿಲ್ಲ.

ಮೊಮ್ಮಗಳು ಜ್ಯೋತಿಯ ನಿಶ್ಚಿತಾರ್ಥಕ್ಕೆ ಯಲ್ಲಾಪುರದಿಂದ ಬೀಗರು ಬಂದರು. ಊಟವಾದ ಮೇಲೆ ಒಡಪು ಹೇಳುವುದು, ಅಂದರೆ ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುವುದು, ಹಿರಿಯಳಾದ ಅವಳ ಪಾಲಿನದು. ಒಡಪಿನಲ್ಲಿ ಅವಳನ್ನು ಸೋಲಿಸಿದವರು ಆ ಸೀಮೆಯಲ್ಲೇ ಇಲ್ಲ. ಬಾಗಿಲಲ್ಲಿ ಗತ್ತಿನಿಂದಲೇ, "ಥರಣು ಥರಣ್ರಿ! ಪ್ರಯಾಣ ಥುಖ ಆತೇನ್ರಿ?" ಅಂದಳು. ವರನ ತಾಯಿ ಮಹೇಶ್ವರಿ ಪಕ್ಕದವಳ ಮುಖ ನೋಡಿದಳು. ಹಿಂದಿದ್ದ ಇಬ್ಬರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

ಹಲ್ಲು ಇನ್ನೂ ಸರಿ ಕೂತಿಲ್ಲವೆಂದು ಗುರುಶಾಂತವ್ವನಿಗೆ ಆಗ ಹೊಳೆಯಿತು. ಅಯ್ಯೋ ಶಿವನೇ! ಈ ಬಾಯಲ್ಲಿ ಹೆಸರು ಹೇಳಿದರೆ ಗಂಡ ಶಿವಪುತ್ರಪ್ಪ ನಗೆಪಾಟಲು. ಹೇಳದಿದ್ದರೆ ತನ್ನ ಮಾನ ಹರಾಜು. ಬಾಯಿ ಮುಚ್ಚಿಕೊಂಡು ಬಡಿಸುವುದೇ ವಾಸಿಯೆಂದು ಸೌಟು ಹಿಡಿದಳು.

ಆದರೆ ಒತ್ತಾಯವಿಲ್ಲದೆ ಬಡಿಸುವ ಜಾಯಮಾನ ಅವಳದಲ್ಲ. "ಥಾರು ಹಾಕಿಥ್ಕೋರಿ." "ಥಜ್ಜಕಕ್ಕ ತುಪ್ಪ ಥಾಲ್ದೇನ್ರಿ?" "ಇನ್ನೊಂದು ಥಂಡಿಗಿ!" ಎಲೆಯ ಮೇಲೆ ಸಂಡಿಗೆ ಬಿದ್ದ ಮೇಲೆ ಥಂಡಿಗೆ ಯಾವುದೆಂದು ಯಾರಿಗೆ ತಿಳಿಯದು? ಮಜ್ಜಿಗೆ ಬರುವಷ್ಟರಲ್ಲಿ ಸೆರಗುಗಳು ಬಾಯಿಂದ ಇಳಿದಿದ್ದವು. ಮಾತಿನ ಭರದಲ್ಲಿ ಅವಳು, "ನಿಮ್ಮ ತಂಗಿ ಥಿರ್ಥಿಯಾಗ ಇದ್ದಾರಂತಲ್ರಿ?" ಎಂದು ಕೇಳಿಬಿಟ್ಟಳು. ಮಹೇಶ್ವರಿ ತಡವರಿಸದೆ, "ಹೂಂನ್ರಿ, ಸಿರ್ಸಿಯಾಗ ಮನಿ ಕಟ್ಟ್ಯಾರ" ಅಂದಳು.

ಗುರುಶಾಂತವ್ವನಿಗೆ ಹೋದ ಜೀವ ಬಂದಂತಾಯಿತು. ಒಡಪಿಗೆ ಎದ್ದು ನಿಂತಳು:

"ಥಾರಿಗೆ ಥಾಥಿವಿ ಥಿಡಿಥಿದೆ, ಥಂಡಿಗಿ ಕರಿದು ಬಡಿಥಿದೆ, ಥಿಟ್ಟಿನಾಗಿದ್ದ ಥಿವಪುತ್ರಪ್ಪನೋರ್ನ ನಗಿಥಿದೆ!"

ಮನೆ ತುಂಬ ನಗು. ಹಲ್ಲಿಗಲ್ಲ, ಒಡಪಿಗೆ! ಶಿವಪುತ್ರಪ್ಪ ನಾಚಿ ಟೊಪ್ಪಿಗೆ ಸರಿಮಾಡಿಕೊಂಡ.

ವರನ ತಂದೆ ಚನ್ನಯ್ಯ ಕೆಟ್ಟ ಕಾರಿನ ಜೊತೆ ಸಿರ್ಸಿಯಲ್ಲೇ ಉಳಿದು, ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ. "ಏನಂದ್ರ ಅವ್ರು? ಯಾವ ಭಾಷಾನ ಇದು?" ಎಂದು ಹೆಂಡತಿಯನ್ನು ಕೇಳಿದ.

ಮಹೇಶ್ವರಿಗೆ ಸಿಟ್ಟೇ ಬಂತು. "ಇಷ್ಟು ಸ್ವಚ್ಛ ಹೇಳಾಕತ್ತಾರ, ತಿಳಿವಲ್ದೇನ್ರಿ ನಿಮಗ? ಮೊದ್ಲ ಕಿವಿ ತೋರಿಸ್ಕೋರಿ!"

ಗುರುಶಾಂತವ್ವ ಅವನಿಗೊಂದು ಎಲೆ ಹಾಸಿದಳು. "ಕುಂದರ್ರಿ ಬೀಗ್ರ. ಮೊದ್ಲ ಥಂಡಿಗಿ ತಗೋರಿ."